ಸೆಟ್ಟು ಗುರ್‌ಗುಟ್ಟಿದರೆ ಸುತ್ತ ನೋಡಿ

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ರೇಡಿಯೋ ಇರುವುದು 90.4 ಮೆಗಾಹರ್ಟ್ಸ್‌ನಲ್ಲಿ. ಬೆಳಗಾವಿಯ ಕೆಎಲ್ಇ ವೇಣುಧ್ವನಿಯೂ 90.4ರಲ್ಲೇ. ಸಮುದಾಯ ರೇಡಿಯೋಗೆ ಸಾಮಾನ್ಯವಾಗಿ ಸಿಗುವ ಪ್ರಸಾರಶಕ್ತಿ 100 ವ್ಯಾಟ್. ಅದರ ಹರವು ಹತ್ತು ಹನ್ನೆರಡು ಕಿಲೋಮೀಟರ್. ಈ ಎರಡು ನಗರಗಳ ನಡುವಿನ ಹೆದ್ದಾರಿಯಲ್ಲಿ ಕಿತ್ತೂರಿದೆ. ಅಲ್ಲಿ ಎತ್ತರದ ಮಾಳಿಗೆ ಏರಿ, ಉದ್ದನೆಯ ಏರಿಯಲ್ ಹಾಕಿ 90.4ಕ್ಕೆ ತಿರುಗಿಸಿದರೆ ಹೆಚ್ಚಿನ ದಿನ ಕೇಳುವುದು ಬರೀ ಸುಯ್‌ ಸದ್ದು. ಹವೆ ಒಲಿದ ಬೆಳಗ್ಗೆ ಯಾವುದೋ ಒಂದು ಕೇಂದ್ರ ಮೇಲೆದ್ದೀತು. ನಾಲ್ಕು ಹೆಜ್ಜೆ ಸರಿದರೆ ಅದೇ ಅಂಕಿಯ ಮೇಲೆ ಇನ್ನೊಂದು ಬಂದರೂ ಬಂದೀತು. ಎರಡೂ ಒಟ್ಟಿಗೆ ಕಲಸಿಕೊಂಡು ಕೇಳುವುದು ಮಾತ್ರ ಅಪರೂಪ. ಎಫ್ಎಂ ರಿಸೀವರಿನ ಗುಣವೇ ಹಾಗೆ: ಎರಡು ಅಲೆ ಬಂದರೆ ಬಲವಾದುದನ್ನು ಹಿಡಿಯುತ್ತದೆ, ಇನ್ನೊಂದನ್ನು ಪೂರ್ತಿ ಅದುಮುತ್ತದೆ.

ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಂದವರು ಕೆಲವೇ ದಿನದಲ್ಲಿ "ಇದು ಸರಿ ಇಲ್ಲರೀ" ಎಂದು ಕಪಾಟಿಗೆ ಹಾಕುವುದು ಇಂಥ ಅನುಭವಗಳಿಂದಲೇ. ಸ್ಕ್ಯಾನರ್ ಎಂದರೆ ನಾವು ಕೊಟ್ಟ ಅಂಕಿಗಳನ್ನು ಒಂದರ ಹಿಂದೆ ಒಂದು ತಡಕುತ್ತಾ, ಎಲ್ಲಿ ಅಲೆ ಸಿಕ್ಕಿತೋ ಅಲ್ಲಿ ನಿಲ್ಲುವ ರೇಡಿಯೋ. ಮಾತಿನ ಅಲೆ ಯಾವುದು, ಪಂಪ್‌ಸೆಟ್ಟಿನ ಕಿಡಿ ಯಾವುದು ಎಂಬ ವಿವೇಕ ಅದಕ್ಕಿಲ್ಲ. ಅದನ್ನು ಕೇಳುವವರ ಕಿವಿಯೇ ಕಲಿಯಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನೆಲದಲ್ಲಿ ಹಣ ಸುರಿದು ದೊಡ್ಡ ಸೆಟ್ಟು ತರುವುದಕ್ಕಿಂತ ನಿಂತ ಜಾಗವನ್ನೂ ಸುತ್ತಲಿನ ಗದ್ದಲವನ್ನೂ ಅರಿಯುವುದರಲ್ಲಿ ಹೆಚ್ಚು ಫಲವಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕೊಳ್ಳುವ ಮೊದಲು ಕಾನೂನು

1980ರ ದಶಕದವರೆಗೆ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸನ್ಸ್ ಹಣ ಕಟ್ಟಬೇಕಿತ್ತು. ಹಿರಿಯರಿಗೆ ಆ ಪುಟ್ಟ ಪುಸ್ತಕ ನೆನಪಿದ್ದೀತು. ಈಗ ಆಕಾಶವಾಣಿ, ಎಫ್ಎಂ ಕೇಳುವ ಸೆಟ್ಟಿಗೆ ಏನೂ ಬೇಕಿಲ್ಲ. ಸ್ಕ್ಯಾನರ್ ವಿಷಯ ಹಾಗಲ್ಲ. ಪ್ರಸಾರದ ಪಟ್ಟಿಗಳಾಚೆಗಿನ ಅಲೆಗಳನ್ನು ಹಿಡಿಯುವ ಉಪಕರಣ ಇಟ್ಟುಕೊಳ್ಳಲು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಅನುಮತಿ ಬೇಕು. ಅದರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದ್ದು, ಅದರ ಹಲವು ಕಲಮುಗಳು 2024ರ ಜೂನ್‌ನಿಂದ ಜಾರಿಯಲ್ಲಿವೆ. ನಮಗೆ ಸೇರದ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ ಮೂರು ವರ್ಷದವರೆಗೆ ಸೆರೆ, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೆಳಗಾವಿ ಸೈನ್ಯದ ಊರು. ಸಾಂಬ್ರಾದಲ್ಲಿ ವಾಯುಪಡೆಯ ನೆಲೆಯಿದೆ. ಪೊಲೀಸ್, ಸೇನೆ, ವಿಮಾನ, ರೈಲಿನವರ ಮಾತು ಸಾರ್ವಜನಿಕ ಪ್ರಸಾರವಲ್ಲ. ಯಾರೋ ಮೊಬೈಲಿನಲ್ಲಿ ಕಳಿಸಿದ ಅಂಕಿಪಟ್ಟಿಯನ್ನು ಸೆಟ್ಟಿಗೆ ತುಂಬಿಕೊಂಡು ಆ ಕಡೆ ಕಿವಿ ಹಾಕಬೇಡಿ. ಆಕಸ್ಮಿಕವಾಗಿ ಕಿವಿಗೆ ಬಿದ್ದರೂ ಮುಂದೆ ಸರಿಯಿರಿ, ಬೇರೆಯವರಿಗೆ ಹೇಳಬೇಡಿ.

ನೇರ ದಾರಿ ಒಂದಿದೆ, ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ ಪರವಾನಗಿ. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಅರ್ಜಿ ಕೇಂದ್ರ ಸರ್ಕಾರದ ಸರಳ್ ಸಂಚಾರ್ ಜಾಲತಾಣದಲ್ಲಿ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ, ರೇಡಿಯೋ ತತ್ವ ಮತ್ತು ನಿಯಮಗಳ ತಿಳಿವಳಿಕೆ ಸಾಕು. ಪಾಸಾದರೆ ನಿಮ್ಮದೇ ಕರೆಹೆಸರು ಸಿಗುತ್ತದೆ. 144ರಿಂದ 146, 434ರಿಂದ 438 ಮೆಗಾಹರ್ಟ್ಸ್ ಪಟ್ಟಿಗಳು ನಿಮ್ಮ ಅಂಗಳವಾಗುತ್ತವೆ. ಪಿಯು ವಿಜ್ಞಾನ ಓದುವ ಮಕ್ಕಳು ಇದನ್ನು ತಪ್ಪದೆ ಬರೆಯಬೇಕು. ಪಠ್ಯದ ಭೌತಶಾಸ್ತ್ರ ಕೈಗೆ ಬರುವುದು ಇಲ್ಲಿ.

ವಾಕಿಟಾಕಿ ಕೊಳ್ಳುವವರಿಗೂ ಒಂದು ಮಾತು. ಪರವಾನಗಿ ಇಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ, ಸರ್ಕಾರದ ಮಾದರಿ ಅನುಮೋದನೆ ಪಡೆದ ಕಡಿಮೆ ಶಕ್ತಿಯ ಸೆಟ್ಟು ಮಾತ್ರ. ಆನ್‌ಲೈನ್ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಮಾರಾಟವಾಗುತ್ತಿದ್ದುದನ್ನು ಕಂಡು ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಡಬ್ಬಿಯ ಮೇಲೆ ಅಂಕಿ ಬರೆದಿಲ್ಲದ ಸೆಟ್ಟು ಮುಟ್ಟಬೇಡಿ.

ಮೂರು ಗುಂಡಿಗಳು

ಸೆಟ್ಟಿನ ಕೈಪಿಡಿಯಲ್ಲಿ ನೂರು ಸಂಗತಿ ಇದ್ದರೂ ದಿನಬಳಕೆಗೆ ಮೂರು ಸಾಕು. ಮೋಡ್ ಎಂಬುದು ಮೊದಲನೆಯದು: ಎಫ್ಎಂ ಪ್ರಸಾರಕ್ಕೆ ವೈಡ್ ಎಫ್ಎಂ, ಹ್ಯಾಮ್ ಮಾತಿಗೆ ನ್ಯಾರೋ ಎಫ್ಎಂ, ಮೀಡಿಯಂ ವೇವ್‌ಗೆ ಎಎಂ. ಮೋಡ್ ತಪ್ಪಿದರೆ ಗಟ್ಟಿ ಅಲೆಯೂ ಗೊಗ್ಗರಾಗಿ ಕೇಳುತ್ತದೆ. ವಿಮಾನದವರು ಇಂದಿಗೂ ಎಎಂ ಬಿಟ್ಟಿಲ್ಲ. ಅದಕ್ಕೆ ಕಾರಣ ಕಿತ್ತೂರಿನ 90.4ರ ಕತೆಯಲ್ಲೇ ಇದೆ. ಇಬ್ಬರು ಪೈಲಟ್‌ಗಳು ಒಮ್ಮೆಗೇ ಮಾತಾಡಿದರೆ ಎಫ್ಎಂನಲ್ಲಿ ಬಲಹೀನನ ಕೂಗು ಅಳಿಸಿಯೇ ಹೋದೀತು. ಎಎಂನಲ್ಲಿ ಎರಡೂ ತಿಕ್ಕಿ ಸಿಳ್ಳೆ ಹೊಡೆಯುತ್ತವೆ, ಮತ್ತೊಬ್ಬ ಇದ್ದಾನೆಂದು ಕೆಳಗಿದ್ದವರಿಗೆ ಗೊತ್ತಾಗುತ್ತದೆ.

ಎರಡನೆಯದು ಸ್ಟೆಪ್, ಅಂದರೆ ಒಂದು ಅಂಕಿಯಿಂದ ಮುಂದಿನದಕ್ಕೆ ಎಷ್ಟು ಜಿಗಿಯಬೇಕು ಎಂಬುದು. ಎಫ್ಎಂ ಪ್ರಸಾರಕ್ಕೆ 100 ಕಿಲೋಹರ್ಟ್ಸ್, ಹ್ಯಾಮ್ ಪಟ್ಟಿಗೆ 5 ಅಥವಾ 12.5.

ಮೂರನೆಯ ಸ್ಕ್ವೆಲ್ಚ್ ಎಲ್ಲರೂ ಕೆಡಿಸಿಕೊಳ್ಳುವ ಗುಂಡಿ. ಅಲೆ ಇಲ್ಲದಾಗ ಸ್ಪೀಕರ್ ಬಾಯಿ ಮುಚ್ಚಿಸುವುದು ಅದರ ಕೆಲಸ. ಸುಯ್‌ ಸದ್ದು ಕಿವಿಗೆ ರೇಜಿಗೆಯಾಗುತ್ತದೆಂದು ಪೂರ್ತಿ ತಿರುವಿಟ್ಟರೆ ದೂರದ ದನಿಗಳೂ ಅಲ್ಲೇ ಸಾಯುತ್ತವೆ. ಪೂರ್ತಿ ಬಿಡಿಸಿ, ಸದ್ದು ಬರಲಿ. ನಿಧಾನ ತಿರುವುತ್ತಾ ಅದು ನಿಂತ ಕ್ಷಣಕ್ಕೆ ಕೈ ಬಿಡಿ. ಜಾಗ ಬದಲಾಯಿಸಿದಾಗಲೆಲ್ಲ ಇದನ್ನು ಹೊಸದಾಗಿ ಮಾಡಬೇಕು, ಯಾಕೆಂದರೆ ಬೈಲಹೊಂಗಲದ ಪೇಟೆಯ ಗದ್ದಲವೂ ಹೊರಗಿನ ಜೋಳದ ಹೊಲದ ಮೌನವೂ ಒಂದೇ ಅಲ್ಲ.

ಎತ್ತರದ ಲೆಕ್ಕ

ಎಫ್ಎಂ ಪ್ರಸಾರ, ಮೇಲೆ ಹೇಳಿದ ಹ್ಯಾಮ್ ಪಟ್ಟಿಗಳು ಸೇರುವ ವಿಎಚ್ಎಫ್, ಯುಎಚ್ಎಫ್ ಅಲೆಗಳು ಹೆಚ್ಚುಕಡಿಮೆ ಕಣ್ಣೋಟದ ಹಾದಿಯಲ್ಲೇ ಹೋಗುತ್ತವೆ. ಎಷ್ಟು ದೂರ ಎಂಬುದಕ್ಕೆ ಸುಲಭ ಲೆಕ್ಕವಿದೆ: ಏರಿಯಲ್ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆ. ಹೊಲದಲ್ಲಿ ನಿಂತವನ ಎದೆಮಟ್ಟದ ಸೆಟ್ಟಿಗೆ ಸುಮಾರು 5 ಕಿಲೋಮೀಟರ್. ಒಂಬತ್ತು ಮೀಟರಿನ ಮಾಳಿಗೆಗೆ 12. ಬಯಲಿನಿಂದ ನೂರು ಮೀಟರ್ ಮೇಲಿನ ಗುಡ್ಡಕ್ಕೆ 41. ಕಳಿಸುವವರ ಎತ್ತರಕ್ಕೂ ಹೀಗೇ ಲೆಕ್ಕ ಹಾಕಿ ಎರಡನ್ನೂ ಕೂಡಿಸಬೇಕು. ಹೊಲದಿಂದ ಮಾಳಿಗೆಗೆ ಏರಿದ ಮಾತ್ರಕ್ಕೆ ನಮ್ಮ ಕಡೆಯ ದೂರ ಇಮ್ಮಡಿ ದಾಟುತ್ತದೆ. ಇಷ್ಟು ಲಾಭವನ್ನು ಯಾವ ದುಬಾರಿ ಸೆಟ್ಟೂ ಕೊಡದು.

ನಾಲ್ಕೂ ತಾಲೂಕುಗಳ ನೆಲ ಈ ಲೆಕ್ಕವನ್ನು ಬೇರೆಬೇರೆ ರೀತಿಯಲ್ಲಿ ತಿದ್ದುತ್ತದೆ. ಕಿತ್ತೂರಿನ ಕಡೆ ನೆಲ ಎತ್ತರ, ಧಾರವಾಡವೂ ಹತ್ತಿರ; ಆಕಾಶವಾಣಿಯ ಎಫ್ಎಂ ಸಲೀಸು. ಬೈಲಹೊಂಗಲದ ಎರೆ ಬಯಲಿನಲ್ಲಿ ಅಡ್ಡ ಬರುವ ಗುಡ್ಡ ಕಡಿಮೆ, ಆದರೆ ಆಳೆತ್ತರ ಮೀರಿದ ಹಸಿ ಕಬ್ಬು 400 ಮೆಗಾಹರ್ಟ್ಸ್ ಮೇಲಿನ ಅಲೆಗಳನ್ನು ಕುಡಿದುಬಿಡುತ್ತದೆ. ಕಬ್ಬಿನ ನಡುವಿನ ಹಾದಿಯಲ್ಲಿ ಸತ್ತಿದ್ದ ದನಿ ಕಟಾವಾದ ಮೇಲೆ ಅದೇ ಜಾಗದಲ್ಲಿ ಏಳಬಹುದು. ಸವದತ್ತಿಯಲ್ಲಿ ಕೋಟೆ ಗುಡ್ಡ, ಯಲ್ಲಮ್ಮನ ಗುಡ್ಡ ಏರಿದರೆ ಲೋಕವೇ ತೆರೆದುಕೊಳ್ಳುತ್ತದೆ, ಗುಡ್ಡದ ನೆರಳಿನ ಓಣಿಗೆ ಇಳಿದರೆ ಮುಚ್ಚಿಕೊಳ್ಳುತ್ತದೆ. ರಾಮದುರ್ಗ ಮಲಪ್ರಭೆಯ ದಂಡೆಯಲ್ಲಿ ಗುಡ್ಡಗಳ ನಡುವೆ ಕೂತಿರುವ ಊರು. ಅಲ್ಲಿನವರೇ ಹೆಚ್ಚು ಪಾಡುಪಡುವವರು.

ಅವರಿಗೆ ಎರಡು ಉಪಾಯ. ಗುಡ್ಡದ ಬುಡಕ್ಕೆ ಅಂಟಿಕೊಂಡು ನಿಲ್ಲಬೇಡಿ. ಅಲೆ ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಬಾಗಿ ಕೆಳಗಿಳಿಯುತ್ತದೆ, ಬುಡದವರೆಗೆ ಬಾಗಲಾರದು. ಒಂದೆರಡು ಕಿಲೋಮೀಟರ್ ಬಯಲಿಗೆ ಸರಿದರೆ, ಕೇಂದ್ರದಿಂದ ದೂರವಾದರೂ, ದನಿ ಸುಧಾರಿಸುವುದುಂಟು. ಇನ್ನೊಂದು, ಅಲ್ಲಾಡಿ ನೋಡುವುದು. ಗುಡ್ಡಕ್ಕೆ ಬಡಿದು ತಿರುಗಿದ ಅಲೆ ನೇರ ಅಲೆಯೊಡನೆ ಜಗಳವಾಡಿ ಕೆಲವು ಜಾಗಗಳಲ್ಲಿ ಎರಡನ್ನೂ ಕೊಲ್ಲುತ್ತದೆ. ಎಫ್ಎಂನಲ್ಲಿ ಒಂದೂವರೆ ಮೀಟರ್ ಅಂತರದೊಳಗೆ, 437 ಮೆಗಾಹರ್ಟ್ಸ್‌ನಲ್ಲಿ ಒಂದೂವರೆ ಗೇಣಿನೊಳಗೆ ಒಳ್ಳೆಯ ಜಾಗವೂ ಕೆಟ್ಟ ಜಾಗವೂ ಸಿಗುತ್ತವೆ. ಮಂಚದ ಈ ತುದಿಯಲ್ಲಿ ಕೇಳದ್ದು ಆ ತುದಿಯಲ್ಲಿ ಕೇಳುವುದಕ್ಕೆ ಇದೇ ಕಾರಣ.

1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಗೆ ಮಾತ್ರ ಈ ಗುಡ್ಡಗಳ ಲೆಕ್ಕವಿಲ್ಲ. 765 ಕಿಲೋಹರ್ಟ್ಸ್‌ನ ಅದರ ಅಲೆಯ ಉದ್ದ ಸುಮಾರು 392 ಮೀಟರ್. ಅಷ್ಟು ಉದ್ದದ ಅಲೆ ನೆಲಕ್ಕಂಟಿ, ಗುಡ್ಡ ಬಳಸಿ ಸಾಗುತ್ತದೆ; 103 ಮೆಗಾಹರ್ಟ್ಸ್‌ನ ಧಾರವಾಡ ಎಫ್ಎಂ ಅಲೆಗೆ ಮೂರು ಮೀಟರೂ ಉದ್ದವಿಲ್ಲ. ರಾಮದುರ್ಗದ ತಗ್ಗಿನಲ್ಲಿ ಎಫ್ಎಂ ಕುಂಟಿದಾಗ 765 ನಿಲ್ಲುವುದು ಹೀಗೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದ್ದನ್ನು ಕಂಡ ಮನೆಗಳಲ್ಲಿ ಶೆಲ್ಲು ಹಾಕಿದ ಮೀಡಿಯಂ ವೇವ್ ಸೆಟ್ಟೊಂದು ಇರಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕರೆಂಟು ಹೋಗಿ ಮೊಬೈಲ್ ಟವರ್ ಮೌನವಾದರೂ ಅದು ಮಾತಾಡುತ್ತದೆ.

ಚಳಿಗಾಲದ ಬೆಳಗ್ಗೆ ಇದೆಲ್ಲ ಲೆಕ್ಕ ಮೀರುವುದೂ ಇದೆ. ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಂತರೆ ಅವುಗಳ ನಡುವೆ ಅಲೆ ಬಾಗಿ ಬಾಗಿ ದೂರ ಹೋಗುತ್ತದೆ. ವಿಜಯಪುರ, ಹೊಸಪೇಟೆ, ಗೋವಾದ ಎಫ್ಎಂ ಕೇಂದ್ರಗಳಿಗೆ ಆಗ ಪ್ರಯತ್ನಿಸಿ. ಬಿಸಿಲೇರಿದರೆ ಮುಗಿಯಿತು.

ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಏರಿಯಲ್ ಕಿಸೆಗೆ ಅನುಕೂಲವೇ ಹೊರತು ಕಿವಿಗಲ್ಲ. 7500 ಅನ್ನು ಮೆಗಾಹರ್ಟ್ಸ್ ಅಂಕಿಯಿಂದ ಭಾಗಿಸಿದರೆ ಬೇಕಾದ ಏರಿಯಲ್ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ: 145ಕ್ಕೆ ಸುಮಾರು 52, 437ಕ್ಕೆ 17. ನೆಲದ ಮೇಲಿನ ಹ್ಯಾಮ್ ಮಾತಿಗೆ ನೆಟ್ಟಗೆ ಹಿಡಿಯಿರಿ. ಮಾಳಿಗೆಯಿಂದ ಕೇಬಲ್ ಎಳೆಯುವುದಾದರೆ ಚಿಕ್ಕದಾಗಿರಲಿ. ಸಾಮಾನ್ಯ ತೆಳು ಕೇಬಲ್ ಹತ್ತು ಮೀಟರಿಗೆ 437ರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ತಿಂದುಹಾಕುತ್ತದೆ.

ಗದ್ದಲದ ಗುರುತು

ಸೆಟ್ಟು ಗುರ್‌ಗುಟ್ಟಿದಾಗ ಮೊದಲು ಏರಿಯಲ್ ಬಿಚ್ಚಿ. ಆಗಲೂ ಅದೇ ಸದ್ದು ಅದೇ ಅಂಕಿಯಲ್ಲಿ ಉಳಿದರೆ ಅದು ಸೆಟ್ಟಿನ ಹೊಟ್ಟೆಯೊಳಗಿನದು. ಎಲ್ಲ ಸ್ಕ್ಯಾನರಿನಲ್ಲೂ ಇಂಥ ಕೆಲವು ಅಂಕಿಗಳಿರುತ್ತವೆ; ಲಾಕ್ಔಟ್ ಒತ್ತಿ ಬಿಟ್ಟುಬಿಡಿ. ಸದ್ದು ಹೋದರೆ ಅದು ಹೊರಗಿನಿಂದ ಬಂದದ್ದು. ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಸೆಟ್ಟು ಓಡಿಸುತ್ತಾ ಮನೆಯ ಮೇನ್ ಸ್ವಿಚ್ ಇಳಿಸಿ. ಆಗ ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಬಹುತೇಕ ಸಿಕ್ಕಿಬೀಳುವುದು ಅಗ್ಗದ ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್.

ಮೇನ್ ಇಳಿಸಿದರೂ ಸದ್ದು ಉಳಿಯಿತೇ? ಈಗ ಕಿವಿಯ ಕೆಲಸ. ಎಎಂ ಮೋಡ್‌ಗೆ ಹಾಕಿ, ಅದರಲ್ಲಿ ಗದ್ದಲದ ಚಹರೆ ಸ್ಪಷ್ಟ. ಸೆಕೆಂಡಿಗೊಂದರಂತೆ ಟಕ್, ಟಕ್ ಎಂದರೆ ಹಂದಿ ತಡೆಯಲು ಹೊಲಕ್ಕೆ ಹಾಕಿದ ಝಟ್ಕಾ ಬೇಲಿ. ಸರಿಯಾಗಿರುವ ಬೇಲಿ ಇಷ್ಟು ಗಲಾಟೆ ಮಾಡುವುದಿಲ್ಲ. ತಂತಿಗೆ ಕಸವೋ ಟೊಂಗೆಯೋ ತಾಗಿ ಕಿಡಿ ಹಾರುತ್ತಿದೆ ಎಂದರ್ಥ. ಹೊಲದವರಿಗೆ ಹೇಳುವಾಗ ನಿಮ್ಮ ರೇಡಿಯೋ ದೂರು ಒಯ್ಯಬೇಡಿ. "ಅಣ್ಣಾರ, ಬೇಲಿಗೆ ಕಸ ತಾಗೇತ್ರಿ, ಝಟ್ಕಾ ಅಲ್ಲೇ ಸೋರಾಕತ್ತೈತಿ" ಎನ್ನಿ. ಅವರ ಬೇಲಿಗೂ ಶಕ್ತಿ ಬರುತ್ತದೆ, ನಿಮ್ಮ ಕಿವಿಗೂ ಶಾಂತಿ.

ಬೆಳಕಾದಾಗ ಶುರುವಾಗಿ ಹೊತ್ತು ಮುಳುಗಿದಾಗ ನಿಲ್ಲುವ, ದಟ್ಟ ಮೋಡಕ್ಕೆ ಬದಲಾಗುವ ಒಂದೇ ಶ್ರುತಿಯ ಕೊರೆತ ಸೋಲಾರ್ ಇನ್ವರ್ಟರಿನದು ಅಥವಾ ಸೋಲಾರ್ ಪಂಪಿನ ಕಂಟ್ರೋಲರಿನದು. ಮೂರು ಫೇಸ್ ಕರೆಂಟು ಬಂದ ಹೊತ್ತಿಗೇ ಏಳುವ ಗದ್ದಲ ಬೋರ್‌ವೆಲ್ ಮೋಟಾರು, ಸ್ಟಾರ್ಟರ್ ಪೆಟ್ಟಿಗೆಯ ಕಡೆ ಬೊಟ್ಟು ತೋರುತ್ತದೆ. ಎಂ.ಕೆ. ಹುಬ್ಬಳ್ಳಿಯಂಥ ಸಕ್ಕರೆ ಕಾರ್ಖಾನೆಯ ನೆರೆಯವರು ಕಬ್ಬು ಅರೆಯುವ ಹಂಗಾಮಿಗೂ ಉಳಿದ ತಿಂಗಳಿಗೂ ಹೋಲಿಸಿ ನೋಡಬೇಕು. ವೇಗಕ್ಕೆ ತಕ್ಕಂತೆ ಏರಿಳಿದರೆ ಬೈಕಿನ ಪ್ಲಗ್ಗು. ಟ್ರ್ಯಾಕ್ಟರಿಗೆ ಪ್ಲಗ್ಗಿಲ್ಲ, ಅದರಿಂದ ಸದ್ದು ಬಂದರೆ ಅದು ಆಲ್ಟರ್ನೇಟರಿನದು.

ಎಲ್ಲಕ್ಕಿಂತ ಜೋರು ವಿದ್ಯುತ್ ಲೈನಿನ ಒರಟು ಝೇಂಕಾರ. ಕಂಬದಿಂದ ಕಂಬಕ್ಕೆ ನಡೆಯುತ್ತಾ ಹೋದರೆ ಒಂದು ಕಡೆ ತಾರಕಕ್ಕೇರುತ್ತದೆ. ಒಣ ಬೇಸಿಗೆಯಲ್ಲಿ ಹೆಚ್ಚಿ, ಮಳೆ ಬಿದ್ದಾಗ ಮಾಯವಾದರೆ ಎಲ್ಲೋ ಬೋಲ್ಟು, ಕ್ಲ್ಯಾಂಪು ಸಡಿಲವಿದೆ. ಇಬ್ಬನಿಗೆ, ತುಂತುರಿಗೆ ಹೆಚ್ಚಿದರೆ ಇನ್ಸುಲೇಟರಿಗೆ ಧೂಳು ಕೂತಿದೆ ಅಥವಾ ಬಿರುಕು ಬಿಟ್ಟಿದೆ. ಕಂಬ ಅಲ್ಲಾಡಿಸುವುದು, ಬಡಿಯುವುದು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಏರಿಯಲ್ ಎತ್ತುವುದು ಬೇಡವೇ ಬೇಡ, ಜೀವಕ್ಕೆ ಎರವಾದೀತು. ಕಂಬದ ಸಂಖ್ಯೆ, ಸದ್ದಿನ ಹೊತ್ತು, ಮಳೆಯೋ ಬಿಸಿಲೋ ಎಂಬುದನ್ನು ಬರೆದಿಟ್ಟು 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಹೆಸ್ಕಾಂಗೆ ತಿಳಿಸಿ. "ರೇಡಿಯೋ ಕೇಳಿಸುತ್ತಿಲ್ಲ" ಎಂದರೆ ಕಾಯಬೇಕಾದೀತು. "ಈ ಕಂಬದಲ್ಲಿ ಕಿಡಿ ಹಾರುತ್ತಿರಬಹುದು" ಎಂದರೆ ಲೈನ್‌ಮನ್ ಬೇಗ ಬಂದಾರು. ಅದು ನಿಜವೂ ಹೌದು.

ಎಷ್ಟೋ ಸಲ ಕಂಬದವರೆಗೆ ನಡೆಯುವ ಮೊದಲೇ ದಿಕ್ಕು ತಿಳಿಯಬಹುದು. ಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ಸದ್ದು ಅತಿ ಕಡಿಮೆಯಾದಾಗ ಅದರ ಮೂಲ ನಿಮ್ಮ ಬೆನ್ನ ಹಿಂದಿರುತ್ತದೆ, ಮೈಯೇ ತಡೆಗೋಡೆ. ಮೀಡಿಯಂ ವೇವ್ ಸೆಟ್ಟಿನೊಳಗಿನ ಫೆರೈಟ್ ಕಡ್ಡಿ ಇನ್ನೂ ಚುರುಕು. ಕಡ್ಡಿಯ ತುದಿ ಗದ್ದಲದ ಕಡೆ ಮುಖ ಮಾಡಿದಾಗ ಗದ್ದಲ ತಗ್ಗುತ್ತದೆ. ಧಾರವಾಡ ಬೇರೆ ದಿಕ್ಕಿನಲ್ಲಿದ್ದರೆ, ಹಾಗೆ ತಿರುಗಿಸಿಟ್ಟಾಗ ಅದು ತಾನೇ ತಿಳಿಯಾಗಿ ಉಳಿಯುತ್ತದೆ.

ಬಲ ಹೆಚ್ಚಾಗಿ ಕೆಡುವುದು

ಎತ್ತರಕ್ಕೆ ಏರಿ ಎಂದೆ. ಯಲ್ಲಮ್ಮನ ಗುಡ್ಡದಂಥ ಕಡೆ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಅದೇ ಎತ್ತರ ಕಾಟ ಕೊಡಬಹುದು. ಜನರೇಟರು, ಮೈಕು, ಮೊಬೈಲ್ ಟವರು ಎಲ್ಲ ಒಟ್ಟಿಗಿರುವ ಕಡೆ ಬಲವಾದ ಅಲೆಗಳು ಸೆಟ್ಟಿನೊಳಗೆ ನುಗ್ಗಿ, ಒಂದಕ್ಕೊಂದು ಬೆರೆತು, ಹೊರಗೆ ಇಲ್ಲದ ದನಿಗಳನ್ನು ಹುಟ್ಟಿಸುತ್ತವೆ. ಅಟೆನ್ಯುಯೇಟರ್ ಗುಂಡಿ ಇರುವುದು ಇದಕ್ಕೇ. ಒತ್ತಿದಾಗ ನಿಜದ ಅಲೆ ತುಸು ತಗ್ಗುತ್ತದೆ. ಬೆರಕೆಯಲ್ಲಿ ಹುಟ್ಟಿದ್ದು ಅದರ ಮೂರರಷ್ಟು ಡೆಸಿಬೆಲ್ ಇಳಿದು ಸಾಮಾನ್ಯವಾಗಿ ಮಾಯವೇ ಆಗುತ್ತದೆ.

ಅಗ್ಗದ ಸೆಟ್ಟಿನ ಇನ್ನೊಂದು ಭ್ರಮೆ ನಮ್ಮ ಭಾಗದ ಅಂಕಿಯಲ್ಲೇ ತಿಳಿಯುತ್ತದೆ. ಅಂಥ ಸೆಟ್ಟು ಬಂದ ಅಲೆಯನ್ನು ಒಳಗೆ 10.7 ಮೆಗಾಹರ್ಟ್ಸ್‌ಗೆ ಇಳಿಸಿಕೊಳ್ಳುತ್ತದೆ. 124.4ಕ್ಕೆ ತಿರುಗಿಸಿದಾಗ ಒಳಗಿನ ಆಂದೋಲಕ 113.7ರಲ್ಲಿ ಓಡುತ್ತಿರುತ್ತದೆ. 124.4ಕ್ಕೂ ಅದಕ್ಕೂ ಅಂತರ 10.7, ಕೆಳಗಡೆ 103.0ಕ್ಕೂ ಅಷ್ಟೇ. ಧಾರವಾಡ ಎಫ್ಎಂ ಬಲವಾಗಿದ್ದರೆ ಅದು ವಿಮಾನಗಳ ಪಟ್ಟಿಯಲ್ಲಿ ಹಾಡಿದಂತೆ ಕೇಳುತ್ತದೆ. ಆಕಾಶವಾಣಿಯ ತಪ್ಪೇನೂ ಇಲ್ಲ, ಅಂಕಿಯಲ್ಲಿ 21.4 ಕಳೆದು ನೋಡಿದರೆ ಮೂಲ ಸಿಗುತ್ತದೆ. ಎಫ್ಎಂ ತಡೆಯುವ ಫಿಲ್ಟರೊಂದನ್ನು ಏರಿಯಲ್ ಕೆಳಗೆ ಹಾಕಿದರೆ ಬಹುಪಾಲು ನಿವಾರಣೆ.

ಆಕಾಶದಿಂದ ಬರುವ ಪರೀಕ್ಷೆ

ಕಲಿತದ್ದನ್ನೆಲ್ಲ ಪರೀಕ್ಷಿಸಲು ಹ್ಯಾಮ್ ಪರವಾನಗಿ ಪಡೆದವರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಿಂತ ಒಳ್ಳೆಯದಿಲ್ಲ. ಭೂಮಿಯನ್ನು ಸುಮಾರು 90 ನಿಮಿಷಕ್ಕೊಮ್ಮೆ ಸುತ್ತುವ ಅದು ದಿನಕ್ಕೆ ಕೆಲವು ಸಲ ನಮ್ಮ ಬಾನಿನಲ್ಲಿ ಹಾಯುತ್ತದೆ, ಒಮ್ಮೆಗೆ ಹತ್ತು ನಿಮಿಷದವರೆಗೆ ಸಿಗುತ್ತದೆ. ಗಗನಯಾತ್ರಿಗಳು ಶಾಲಾ ಮಕ್ಕಳೊಡನೆ ಮಾತಾಡುವಾಗ ಇಳಿಯುವ ದನಿ ಸಾಮಾನ್ಯವಾಗಿ 145.800ರಲ್ಲಿ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೋ ಮೂಲಕವೇ. ನಿಲ್ದಾಣದ ರಿಪೀಟರ್ (ಬಂದ ಮಾತನ್ನು ಮರಳಿ ಬಿತ್ತರಿಸುವ ಸಾಧನ) ಚಾಲೂ ಇರುವ ದಿನ 437.800ರಲ್ಲಿ ಹ್ಯಾಮ್‌ಗಳ ಕರೆ ಕೇಳಬಹುದು. ನಿಲ್ದಾಣ ನಮ್ಮತ್ತ ಧಾವಿಸುವಾಗ ಅಂಕಿ ಸುಮಾರು 10 ಕಿಲೋಹರ್ಟ್ಸ್ ಮೇಲಿರುತ್ತದೆ, ದೂರ ಹೋಗುವಾಗ ಅಷ್ಟೇ ಕೆಳಗೆ. ಆದ್ದರಿಂದ 437.810, 437.805, 437.800, 437.795, 437.790 ಎಂದು ಐದು ಜಾಗ ತುಂಬಿಟ್ಟುಕೊಂಡು ಕ್ರಮವಾಗಿ ಇಳಿಯುತ್ತಾ ಬನ್ನಿ. ಸ್ಕ್ವೆಲ್ಚ್ ಪೂರ್ತಿ ಬಿಡಿಸಿಡಿ. ಗುಡ್ಡಗಳ ನಡುವಿನ ರಾಮದುರ್ಗಕ್ಕೂ ಇಲ್ಲಿ ಕೊರತೆಯಿಲ್ಲ, ದನಿ ಬರುವುದು ನೆತ್ತಿಯ ಮೇಲಿಂದ. ನಿಲ್ದಾಣ ಸಾಗಿದಂತೆ ದನಿ ಏಳುಬೀಳಾಗುತ್ತದೆ. ಏರಿಯಲ್ಲನ್ನು ಓರೆಯಾಗಿಸಿ, ಮಣಿಕಟ್ಟು ತಿರುಗಿಸುತ್ತಾ ಗಟ್ಟಿ ಕೇಳುವ ಕೋನ ಹುಡುಕಿ.

ಆಕಾಶದ ಇನ್ನೊಂದು ಸದ್ದು ಎಚ್ಚರಿಕೆಯದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುನ್ನ ಮೀಡಿಯಂ ವೇವ್‌ನಲ್ಲಿ ಚಟಪಟ ಸಿಡಿಯುವ ಸದ್ದು ಶುರುವಾಗುತ್ತದೆ, ಕಣ್ಣಿಗೆ ಮಿಂಚು ಕಾಣುವ ಮೊದಲೇ. ಸಿಡಿತ ಒತ್ತೊತ್ತಾಗಿ ಬರತೊಡಗಿದರೆ ಮಾಳಿಗೆಯಿಂದ ಇಳಿಯಿರಿ, ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೇ ಬಿಡಿ. ಮೋಡ ಹತ್ತಿರ ಬಂದ ಮೇಲೆ ಬಿಚ್ಚಲು ಹೋಗಬಾರದು.